ಹುಳ ಎದ್ದವೆ

ಬರಬೇಡಿ ಎಂದು ಕೊಳಾಲದ ಗಂಗಮ್ಮ ಹೇಳಿದ್ದನ್ನು ನಾನು ನಿನಗೆ ತಿಳಿಸಲೇ ಇಲ್ಲ, ರಂಗ. ತಿಳಿಸಿದೆ ಅಂತ ಸುಳ್ಳು ಹೇಳಿದೆ. ಇಷ್ಟು ವರ್ಷ ಅದನ್ನು ನುಂಗಿಕೊಂಡು ನಿಮ್ಮ ಮನೆಯಲ್ಲಿ ಉಂಡೆ — ಥೂ, ಸಾಕಾಗಿದೆ.

ಮಾವ ಕಡಲೆಕಾಯಿ ಹೊಲಗಳಲ್ಲಿ ಇಲಿ ಬಿಲಕ್ಕೆ ಹೊಗೆ ಹಾಕುತ್ತಾ ಶುರುಮಾಡಿದ ಕಸುಬು. ನಾನು ಮದುವೆಯಾಗಿ ಮಧುಗಿರಿಗೆ ಬಂದಾಗ ಹುಳ-ಇಲಿ ಔಷಧಿಯ ಅಂಗಡಿಯಿತ್ತು. ನಿಮ್ಮಣ್ಣ ಗಲ್ಲಾದಲ್ಲಿ, ನೀನು ಪಂಪು ಹೊತ್ತು ಊರೂರಿಗೆ. ಫೋನ್ ನನ್ನ ಪಾಲಿಗೆ ಬಂತು. ಗಂಗಮ್ಮನ ಬಾಗಿಲಿಗೆ ಗೆದ್ದಲು ಹತ್ತಿತ್ತು. ರೇಷ್ಮೆಗೂಡು ಮಾರಿದ ಮೇಲೆ ಕರೆಯುತ್ತೇನೆ, ಆಮೇಲೆ ಔಷಧಿ ಹೊಡಿ ಎಂದು ನಿನಗೆ ಹೇಳಿದ್ದಳಂತೆ.

"ಹುಳ ಎದ್ದವೆ ಕಣಮ್ಮ, ನಿಮ್ಮೋರ್ಗೆ ಹೇಳ್ಬುಡು" ಅಂದಳು ಫೋನಿನಲ್ಲಿ. ರೇಷ್ಮೆಹುಳ ಜ್ವರ ಬಿಟ್ಟು, ಅಂದರೆ ಪೊರೆ ಕಳಚುವ ನಿದ್ದೆ ಮುಗಿಸಿ, ಎದ್ದು ಸೊಪ್ಪು ತಿನ್ನುತ್ತಿವೆ, ಈಗ ಬರಬೇಡಿ ಅಂತ ಅರ್ಥ. ಪಾವಗಡದ ಕಡೆಯವಳು ನಾನು, ರೇಷ್ಮೆ ಸಾಕಿದ್ದು ಕಂಡವಳಲ್ಲ. ಹುಳ ಅಂದರೆ ಸಾಯಿಸುವಂಥದ್ದು, ಅಷ್ಟೇ. ಏನು ಎತ್ತ ಕೇಳದೆ, "ಬೇಗ ಬರ್ಬೇಕಂತೆ" ಎಂದು ನಿನ್ನನ್ನು ಅಟ್ಟಿದೆ. ಗೂಡು ಮಾರಿದ್ದಾರೆಂದು ನಂಬಿ ಹೋದೆ ನೀನು. ಅವರೆಲ್ಲ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಔಷಧಿಯ ಘಾಟು ಪಕ್ಕದ ಹುಳದ ಕೋಣೆಗೆ ನುಗ್ಗಿ, ಸಂಜೆಗೆ ತಟ್ಟೆಗಳ ತುಂಬ ಸತ್ತ ಹುಳ.

ಗಂಗಮ್ಮ ಅಂಗಡಿ ಮುಂದೆ ಕೂತು ಎದೆ ಬಡಿದುಕೊಂಡಳು. ಮಾವ ನನ್ನತ್ತ ತಿರುಗಿದರು. "ನಾನು ಸರಿಯಾಗೇ ಹೇಳಿದ್ದೆ ಮಾವ, ಹೋಗ್ಬ್ಯಾಡ ಅಂತ" ಅಂದುಬಿಟ್ಟೆ.

ನೀನು ನನ್ನ ಮುಖ ನೋಡಿದೆ. "ಹೂಂ ಕಣಪ್ಪ, ಅತ್ಗೆ ಹೇಳಿದ್ರು. ನಂಗೇ ಮರ್ತೋಯ್ತು."

"ಕಿವಿ ಇಲ್ದೋನ ಕೈಗೆ ಇಸ ಕೊಡಬಾರ್ದು. ಇಳ್ಸ್ಲಾ ಪಂಪು" ಅಂದರು ಮಾವ.

ಅಲ್ಲಿಗೆ ನಿನ್ನ ಕಸುಬು ಹೋಯಿತು. ಶಿರಾದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೀಯ. ಇಲ್ಲಿ ಹೊಸದಾಗಿ ಯಾರು ಕೆಲಸಕ್ಕೆ ಸೇರಿದರೂ ಮಾವ, "ನನ್ ಚಿಕ್ಕ ಮಗ್ನಂಗೆ ಮಾಡ್ಬ್ಯಾಡ್ರಲಾ" ಎಂದು ಕಥೆ ಶುರುಮಾಡುತ್ತಾರೆ. ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತೇನೆ — ಪ್ರತಿ ಸಲವೂ...

ಇವತ್ತು ಹೋಗಲಿಲ್ಲ. ಹೇಳಿದೆ. ಮಾವನಿಗೆ ಈಗ ಕಿವಿ ಮಂದ. "ಏನಮ್ಮಾ? ಜೋರಾಗ್ ಹೇಳು" ಅಂದರು. ಕಿರುಚಿದೆ, ರಂಗ — ನಿಮ್ಮಣ್ಣ, ಕೆಲಸದವರು, ಎದುರಂಗಡಿಯವರು, ಎಲ್ಲರಿಗೂ ಕೇಳುವಂತೆ: "ತಪ್ಪು ನಂದು! ರಂಗಂದಲ್ಲ!"

ಮಾವ ಕಾಫಿ ಲೋಟ ಕೆಳಗಿಟ್ಟರು. "ಅಂಗಾದ್ರೆ ಅವ್ನ್ಯಾಕೆ ಹೂಂ ಅಂದ?"

"ಆಗ ನಾನು ಹೊಸ ಸೊಸೆ ಅಂತ, ಮಾವ" ಅಂದೆ. ಈ ಸಲ ಜೋರಾಗಿ ಹೇಳಲು ಆಗಲಿಲ್ಲ.

ಆದರೂ ಅವರಿಗೆ ಕೇಳಿಸಿತು.