ಪಕ್ಕದ ಸೀಟಿನ ಪ್ಲಾಸ್ಟಿಕ್ ಕವರ್

ಕಾರಿನ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟೆ. ತೆರಕಣಾಂಬಿಯಲ್ಲಿ ಎರಡೇ ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿತ್ತು. ಕಡಿಮೆ ಬೆಲೆಗೆ ಕೊಂಡು, ಭಾನುವಾರಗಳಲ್ಲಿ ನಾನೇ ರಿಪೇರಿ ಮಾಡಿಕೊಳ್ಳೋಣವೆಂದು ಹೋಗಿದ್ದೆ. ಡ್ರೈವರ್ ಸೀಟು ಹರಿದು ಸ್ಪಂಜು ಹೊರಬಂದಿತ್ತು. ಪಕ್ಕದ ಸೀಟಿಗೆ ಮಾತ್ರ ಶೋರೂಮಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಹಳದಿಗಟ್ಟಿಕೊಂಡು.

"ಇದನ್ಯಾಕಣ್ಣ ತೆಗ್ದೇ ಇಲ್ಲ?" ಅಂದೆ.

ಐವತ್ತು ದಾಟಿದ್ದ ಮಾಲೀಕರು ಬಾನೆಟ್ ಒರೆಸುತ್ತಲೇ ಹೇಳಿದರು: "ಎಂಡ್ತಿ ಬಂದ್ಮೇಲೆ ತೆಗೆಯನ ಅಂತ ಬುಟ್ಟಿದ್ದೆ ಕಣಪ್ಪ. ಮದ್ವೆನೇ ಆಗ್ನಿಲ್ಲ."

ದುಡ್ಡು ಎಣಿಸಿ ಕೊಟ್ಟೆ. ಕೀ ಇಸ್ಕೊಂಡು ಹೊರಟೆ.

ವರ್ಷವಾಯಿತು. ಎಂಜಿನ್ ಸರಿಮಾಡಿದೆ, ಡ್ರೈವರ್ ಸೀಟು ಹೊಲಿಸಿದೆ. ದಿನಾ ಚಾಮರಾಜನಗರದ ಆಫೀಸಿಗೆ ಅದರಲ್ಲೇ ಹೋಗುತ್ತೇನೆ. ಪಕ್ಕದ ಸೀಟಿನಲ್ಲಿ ನನ್ನ ಊಟದ ಡಬ್ಬಿ ಕೂತಿರುತ್ತದೆ. ಕವರ್ ತೆಗೆಯುವ ದಿನ ನನಗೂ ಬಂದಿಲ್ಲ.