ಮೀಟರಕ್ಕನ ಹನ್ನೆರಡು ವೋಲ್ಟು

"ಆಯಮ್ಮ ಮದುವೆಗೆ ಮುಂಚೆ ಗಂಡನಿಗೂ ಮೀಟರ್ ಇಟ್ಟು ನೋಡಿರಬೇಕು ಕಣ್ರೀ" ಎಂದು ಬೀದಿಯವರು ನಗುತ್ತಿದ್ದರು. ಕರೆಂಟು ಅಳೆಯುವ ಮೀಟರನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಮೀಟರಕ್ಕ, ಮಾತು ಕಿವಿಗೆ ಬಿದ್ದರೆ ಸುಮ್ಮನಿರುವ ಪೈಕಿಯವಳಲ್ಲ. "ನೋಡಿದ್ದೆ. ಸ್ವಲ್ಪ ಕಮ್ಮೀನೇ ತೋರಿಸ್ತು. ಪಾಪ ಅಂತ ಒಪ್ಕೊಂಡೆ" ಎನ್ನುತ್ತಿದ್ದಳು, ಗಂಡನ ಎದುರೇ.

ಆ ಪುಣ್ಯಾತ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮುಂದಿನ ಕೋಣೆಯೇ ರಿಪೇರಿ ಅಂಗಡಿ. ಅಲ್ಲಿಗೆ ಬಂದ ಪ್ರತಿ ಚಾರ್ಜರ್ ಮೇಲೂ ಅವಳು ಬಿಳಿ ಬಣ್ಣದಲ್ಲಿ ವೋಲ್ಟಿನ ಅಂಕಿ ಬರೆದೇ ಕಳಿಸುತ್ತಿದ್ದಳು: ಮೊಬೈಲಿನದಕ್ಕೆ ಐದು, ಲ್ಯಾಪ್‌ಟಾಪಿನದಕ್ಕೆ ಹತ್ತೊಂಬತ್ತು. ಈ ಚಟಕ್ಕೆ ಕಾರಣವಿತ್ತು. ಹುಡುಗಿಯಾಗಿದ್ದಾಗ, ಅಣ್ಣ ಹೊರದೇಶದಿಂದ ತಂದ ನೂರಹತ್ತು ವೋಲ್ಟಿನ ರೇಡಿಯೋವನ್ನು ಹಿಂದೆಮುಂದೆ ನೋಡದೆ ಮನೆಯ ಇನ್ನೂರ ಮೂವತ್ತಕ್ಕೆ ಚುಚ್ಚಿದ್ದಳು. ಅದು ಹಾಡಲಿಲ್ಲ, ಹೊಗೆಯಾಡಿತು. ಅಣ್ಣ ಬೈಯಲೂ ಇಲ್ಲ. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದಳೇನೋ.

ಒಂದು ಮಧ್ಯಾಹ್ನ ಅತ್ತೆಗೆ ಉಸಿರು ಕಟ್ಟಿತು. ಎದೆ ಸಿಳ್ಳೆ ಹೊಡೆಯುತ್ತಿತ್ತು. ಔಷಧಿಯನ್ನು ಹಬೆಯಾಗಿಸಿ ಮೂಗಿಗೆ ಕೊಡುವ ಪುಟ್ಟ ಮಷೀನು ಮನೆಯಲ್ಲೇ ಇತ್ತು. ಆದರೆ ಅದರ ಅಡಾಪ್ಟರ್ ಆಗಷ್ಟೇ ಸುಟ್ಟುಹೋಗಿತ್ತು. ಪಕ್ಕದ ಮನೆಯ ಟೈಲರಣ್ಣ ಆಸ್ಪತ್ರೆಗೆ ಫೋನ್ ಮಾಡಿದ. ಗಾಡಿ ಬರಲು ಮುಕ್ಕಾಲು ಗಂಟೆ ಎಂದರು. ಅವನು ತನ್ನ ಮಗಳ ಲ್ಯಾಪ್‌ಟಾಪಿನ ಅಡಾಪ್ಟರ್ ಹಿಡಿದು ಓಡಿಬಂದ.

"ಅಕ್ಕ, ಪಿನ್ನು ಕರೆಕ್ಟಾಗಿ ಕೂರ್ತಿದೆ, ಹಾಕ್ಬಿಡಿ!"

"ನಿಮ್ಮ ಚಪ್ಪಲಿ ನನ್ನ ಕಾಲಿಗೂ ಕೂರುತ್ತೆ ಅಣ್ಣ. ಇದು ಹತ್ತೊಂಬತ್ತು, ಮಷೀನ್ ಕೇಳೋದು ಹನ್ನೆರಡು. ಮಷೀನನ್ನೂ ಸುಟ್ರೆ ಅತ್ತೆಗೆ ಏನು ಕೊಡ್ಲಿ?"

"ಹಂಗಾದ್ರೆ ನಿಮ್ಮ ಇಂಟರ್‌ನೆಟ್ ಡಬ್ಬೀದು?"

"ಹನ್ನೆರಡೇ. ಆದ್ರೆ ಅರ್ಧ ಆಂಪಿಯರ್. ಮಷೀನಿಗೆ ಎರಡು ಬೇಕು. ಅದಕ್ಕೂ ಅತ್ತೆ ಥರಾನೇ ಏದುಸಿರು ಬರುತ್ತೆ."

"ಈಗ್ಲೂ ತಮಾಷೆನಾ ಅಕ್ಕ ನಿಮಗೆ!"

ಅವಳ ಬಾಯಿ ತಮಾಷೆಯಾಡುತ್ತಿದ್ದರೂ ಕಣ್ಣು ಬಾಗಿಲಾಚೆ ನೆಟ್ಟಿತ್ತು. "ನಿಮ್ಮ ಸ್ಕೂಟರ್ ಬ್ಯಾಟ್ರಿ ಬಿಚ್ಚಿ. ಬೇಗ!"

ಅವನು ಬಿಚ್ಚಿ ತರುವಷ್ಟರಲ್ಲಿ ಸುಟ್ಟ ಅಡಾಪ್ಟರಿನ ಪಿನ್ನಿನ ವೈರನ್ನು ಕತ್ತರಿಸಿ, ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಗುರುತು ಹಾಕಿಟ್ಟಿದ್ದಳು. ಬ್ಯಾಟರಿಗೆ ಮೀಟರ್ ಇಟ್ಟಳು. ಹನ್ನೆರಡೂವರೆ. ಅಷ್ಟನ್ನು ಮಷೀನು ತಾಳುತ್ತದೆ, ಎರಡು ಆಂಪಿಯರೂ ಇದರಿಂದ ಸಿಗುತ್ತದೆ. ವೈರು ಸುತ್ತಿದಳು. ಮಷೀನು ಗುರ್ ಎಂದಿತು. ಬಿಳಿ ಹಬೆ ಎದ್ದಿತು. ಅದನ್ನು ಅತ್ತೆಯ ಮೂಗಿಗೆ ಹಿಡಿದಳು.

ಹತ್ತು ನಿಮಿಷಕ್ಕೆ ಅತ್ತೆಯ ಎದೆ ಸಡಿಲವಾಯಿತು. ಮೊದಲ ಮಾತೇ, "ಟೈಲರಪ್ಪ, ನಿನ್ನ ಸ್ಕೂಟರ್ ತಳ್ಳಿಕೊಂಡು ಹೋಗ್ಬೇಕೇನೋ. ಅದರ ಜೀವ ನಾನು ಕುಡಿದ್ಬಿಟ್ಟೆ."

ತಡವಾಗಿ ಬಂದ ಗಾಡಿಯ ಡಾಕ್ಟರಮ್ಮ ಬ್ಯಾಟರಿಯನ್ನೂ ವೈರನ್ನೂ ಗೋಡೆಯ ತುಂಬ ತೂಗುಹಾಕಿದ್ದ ಚಾರ್ಜರ್‌ಗಳ ಮೇಲಿನ ಬಿಳಿ ಅಂಕಿಗಳನ್ನೂ ನೋಡಿದಳು. ತಿಂಗಳೊಳಗೆ ಆಸ್ಪತ್ರೆಯಿಂದ ಕರೆ ಬಂತು: ಅಲ್ಲಿನ ಮಷೀನುಗಳನ್ನು ನೋಡಿಕೊಳ್ಳುವ ಕೆಲಸ, ಹಿಂಭಾಗದಲ್ಲೇ ಇಬ್ಬರಿಗಾಗುವ ಮನೆ.

ಹೊರಡುವ ದಿನ ಅತ್ತೆ ಮಷೀನನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತಾಗಿತ್ತು. ಟೈಲರಣ್ಣ, "ಇನ್ಮೇಲೆ ನಮಗೆ ನೋಡಿ ಹೇಳೋರ್ಯಾರು ಅಕ್ಕ?" ಎಂದ.

"ಎಲ್ಲದರ ಮೇಲೂ ಬರೆದಿದ್ದೀನಲ್ಲ. ಓದಿ, ಆಮೇಲೆ ಚುಚ್ಚಿ."

ಒಳಗೆ ಹೋಗಿ ಮೇನ್ ಸ್ವಿಚ್ ಆರಿಸಿದಳು. ಆರಿಸಿದ್ದು ನಿಜವೇ ಎಂದು ಖಾಲಿ ಕೋಣೆಯ ಪ್ಲಗ್ಗಿಗೆ ಮೀಟರ್ ಇಟ್ಟಳು. ಸೊನ್ನೆ. ಬಾಗಿಲು ಎಳೆದುಕೊಂಡು, ಮೀಟರನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದಳು.