ನಾಲ್ಕನೇ ಜ್ವರ

ನಮ್ಮ ಮನೆಯಲ್ಲಿ ಜ್ವರ ಎಂದರೆ ಒಳ್ಳೆಯ ಸುದ್ದಿಯಾಗಿದ್ದ ದಿನಗಳು ಅವು. ಅಪ್ಪ ಜಗಲಿಗೆ ಬಂದು "ಎಲ್ಲಾ ಒಟ್ಟಿಗೇ ಜ್ವರಕ್ಕೆ ಕೂತವೆ" ಎಂದರೆ ಅಮ್ಮ ಅಂದು ಕೂತು, ಸಮಾಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ಜ್ವರ ಬಂದದ್ದು ನಮಗಲ್ಲ, ರೇಷ್ಮೆ ಹುಳುಗಳಿಗೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಡುತ್ತದೆ. ತಲೆ ಎತ್ತಿ, ಅಲ್ಲಾಡದೆ ಮಲಗುತ್ತದೆ. ಹಳೆಯ ಚರ್ಮ ಕಳಚಿ, ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. ಆ ನಿದ್ದೆಗೆ ನಮ್ಮ ಕಡೆ ಜ್ವರ ಎಂದೇ ಹೆಸರು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೆಯದು ಸುಸೂತ್ರವಾಗಿ ಎದ್ದರೆ ಬೆಳೆ ಕೈಗೆ ಬಂದ ಹಾಗೆ.

ನಮ್ಮ ಊರು ಸಾದಲಿ ಹೋಬಳಿಯಲ್ಲಿ. ಆಗ ನಮ್ಮ ಸೀಮೆಯಲ್ಲಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರ ಕಸುಬನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಬಟ್ಟೆಯಿಂದ ಬೆಂದ ಗೂಡಿನ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಚಿಂತಾಮಣಿಯಿಂದ ಬಂದವರ ಮೈಯಲ್ಲಿ ಕಡಲೆಕಾಯಿ ಎಣ್ಣೆಯ ಕಮಟು. ಚಿಕ್ಕಬಳ್ಳಾಪುರದ ಕಡೆಯವರ ಚೀಲದಲ್ಲಿ ಮಣ್ಣು ಮೆತ್ತಿದ ಆಲೂಗಡ್ಡೆ. ಗೌರಿಬಿದನೂರಿನ ದಾರಿಯಲ್ಲಿ ಹತ್ತುವ ಕಲ್ಲು ಕೆಲಸದವರ ಹುಬ್ಬಿನ ಮೇಲೂ ಬಿಳಿ ಪುಡಿ. ನಮ್ಮಿಂದ ಬರುತ್ತಿದ್ದದ್ದು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಎಳೆದು ನೋಡಿ, "ನಿಮ್ಮನೇಲಿ ಎಷ್ಟನೇ ಜ್ವರ?" ಎಂದು ಕೇಳುತ್ತಿದ್ದಳು. ಅದು ಕುಶಲ ವಿಚಾರಿಸಿದ ಹಾಗೆ.

ಹುಳು ಇದ್ದಷ್ಟು ದಿನ ನಡುಮನೆ ಹುಳುವಿನದು. ನಾವು ಜಗಲಿಯಲ್ಲಿ. ಗೋಡೆಯುದ್ದಕ್ಕೂ ಮರದ ಸ್ಟ್ಯಾಂಡು, ಅದರಲ್ಲಿ ಒಂದರ ಮೇಲೊಂದು ಬಿದಿರಿನ ತಟ್ಟೆಗಳು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳೆಲ್ಲ ನೀರಿನ ಬಟ್ಟಲಿನಲ್ಲಿ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಹೊರಗಿನವರಂತೂ ಇಲ್ಲವೇ ಇಲ್ಲ. ಘಾಟು ಹುಳುವಿಗೆ ಆಗದೆಂದು ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ. ಒಗ್ಗರಣೆಯಿಲ್ಲದ ಸಾರಿನಲ್ಲಿ ಮುದ್ದೆ ನುಂಗುತ್ತಾ ನಾವು ಗೂಡಿನ ದಿನವನ್ನು ಕಾಯುತ್ತಿದ್ದೆವು. ಅಜ್ಜಿ ನಶ್ಯ ಏರಿಸಲು ದನದ ಕೊಟ್ಟಿಗೆಗೆ ಹೋಗಿ, ಸೀನಿ, ಕೈ ಮುಖ ತೊಳೆದು ಬರುತ್ತಿದ್ದಳು. "ಈ ವಯಸ್ಸಿನಾಗೆ ಹುಳಕ್ಕೆ ಹೆದರ್ಕೊಂಡು ಬಾಳೋ ಹಂಗಾಯ್ತಲ್ಲ ತಲ್ಲೀ" ಎಂದು ಗೊಣಗಿದರೂ ನಿಯಮ ಮುರಿದವಳಲ್ಲ. ಗೋಡೆಯ ಗೂಡಿನಲ್ಲಿ ಟೈಂಪೀಸು ಇತ್ತು. ಅದು ಹನ್ನೊಂದು ತೋರಿಸಿದರೆ ತಟ್ಟೆಗೆ ಸೊಪ್ಪು ಬಿದ್ದಿರಬೇಕು. ಹನ್ನೊಂದೂ ಐದು ಆದರೆ ಅಪ್ಪ ಗಡಿಯಾರವನ್ನು ಒಮ್ಮೆ ನೋಡುತ್ತಿದ್ದ. ಅಷ್ಟು ಸಾಕಾಗಿತ್ತು.

ಅಪ್ಪನ ಇನ್ನೊಂದು ಕಟ್ಟಳೆ ಮಕ್ಕಳಿಗೆ ಸಂಬಂಧಿಸಿದ್ದು. ಕೈ ಮೂರನೇ ತಟ್ಟೆಗೆ ಎಟುಕಿದ ಮೇಲೆಯೇ ಹುಳುವಿಗೆ ಸೊಪ್ಪು ಹಾಕಬಹುದು. ನನಗೆ ಹನ್ನೊಂದು ವರ್ಷ, ಎಟುಕುತ್ತಿತ್ತು. ತಂಗಿ ಮಂಜಿಗೆ ಆರು, ವಯಸ್ಸಿಗಿಂತ ಗಿಡ್ಡ. ದಿನಾ ಬೆಳಿಗ್ಗೆ ಸ್ಟ್ಯಾಂಡಿನ ಪಕ್ಕ ತುದಿಗಾಲಲ್ಲಿ ನಿಂತು ಕೈ ಚಾಚುತ್ತಿದ್ದಳು.

"ಅಪ್ಪ, ಎಟುಕ್ತು."

"ಹಿಮ್ಮಡಿ ನೆಲಕ್ಕಿಡಮ್ಮ."

ಹಿಮ್ಮಡಿ ಇಟ್ಟರೆ ಎರಡನೇ ತಟ್ಟೆಯೇ. ಅಪ್ಪ ನಗುತ್ತಿರಲಿಲ್ಲ. "ನಾಳೆ ನೋಡಣ" ಎನ್ನುತ್ತಿದ್ದ.

ಆ ವರ್ಷ ಬೇಸಿಗೆ ರಜದ ಬೆಳೆ. ಹುಳು ಮೂರನೇ ಜ್ವರದಿಂದ ಎದ್ದ ದಿನ, ತಟ್ಟೆಗಳಲ್ಲಿ ದಟ್ಟವಾಗಿದ್ದ ಹುಳುಗಳನ್ನು ಬಿಡಿಸಿ ಹರಡುವ ಕೆಲಸ. ಅಮ್ಮ ಅಪ್ಪ ಇಬ್ಬರೂ ಒಳಗೆ. ತೋಟದಿಂದ ಸೊಪ್ಪಿನ ಬುಟ್ಟಿ ಹೊತ್ತು ನಾನು ಹಿತ್ತಿಲಿಗೆ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮಂಜಿ ಬಾಗಿಲಿಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪು, ಮೂಗು ಸೋರುತ್ತಿತ್ತು.

"ಅಕ್ಕ, ಮೈ ಬಿಸಿ ಆಗೈತೆ."

ಮುಟ್ಟಿ ನೋಡಿದೆ. ನಿಜವಾಗಿಯೂ ಸುಡುತ್ತಿತ್ತು. ಅಮ್ಮನಿಗೆ ಹೇಳಿದರೆ ಅವಳು ಇವಳ ಹತ್ತಿರ ಕೂರುತ್ತಾಳೆ, ಅವಳ ಕೆಲಸ ನನ್ನ ತಲೆಗೆ ಬರುತ್ತದೆ. ಅಷ್ಟೇ ನಾನು ಯೋಚಿಸಿದ್ದು.

"ಜ್ವರ ಕಣೇ ಅದು."

"ಹುಳಕ್ಕೆ ಬರ್ತದಲ್ಲ, ಅದಾ?"

"ಹೂಂ, ಅದೇ."

"ನಂಗೆ ಎಷ್ಟನೇದು?"

"ಮೂರನೇದು. ಸುಮ್ನೆ ಹೋಗಿ ಮಲ್ಕೋ. ಜ್ವರದಾಗೆ ತಿನ್ನಬಾರ್ದು, ಯಾರೂ ಮುಟ್ಟಬಾರ್ದು, ಮಾತೂ ಆಡಬಾರ್ದು. ನಾಲ್ಕನೇದೂ ಆಗೋಗ್ಲಿ, ನನ್ನಷ್ಟುದ್ದ ಆಗ್ತೀಯ."

"ಮೂರನೇ ತಟ್ಟೆ ಎಟುಕ್ತದಾ?"

"ಎಟುಕ್ತದೆ ಹೋಗೇ."

ಹೋದಳು. ಸೊಪ್ಪಿಡುವ ಕೋಣೆಯ ತಂಪಿನಲ್ಲಿ, ಗೋಣಿತಾಟಿನ ಮೇಲೆ, ಹುಳುವಿನ ಹಾಗೆಯೇ ಗದ್ದ ಮೇಲೆತ್ತಿ ಮಲಗಿದಳು. ಊಟಕ್ಕೆ ಕರೆದರೆ ಬೇಡವೆಂದು ಕೈ ಆಡಿಸಿದಳು. ಅಮ್ಮ ಬಿಸಿಲಿನ ಆಯಾಸ ಅಂದುಕೊಂಡಳು. ಎರಡು ದಿನ ಅವಳು ಯಾರಿಗೂ ಒಂದು ಮಾತು ಹೇಳಲಿಲ್ಲ. ನಾನು ಬಂದಾಗ ಮಾತ್ರ ಕಣ್ಣು ತೆರೆದು ಒಂದು ಬಗೆಯ ಹೆಮ್ಮೆಯಿಂದ ನೋಡುತ್ತಿದ್ದಳು.

ಮೂರನೆಯ ದಿನ ಮುಖದ ತುಂಬ ಕೆಂಪು ಗುಳ್ಳೆ ಎದ್ದವು. ದಡಾರ. ಅಜ್ಜಿ ಕೈ ಮುಗಿದು, ಬೇವಿನ ಸೊಪ್ಪು ತಂದು ಪಕ್ಕದಲ್ಲಿಟ್ಟಳು. "ತಾಯಿ ಬಂದವ್ಳೆ. ಒಗ್ಗರಣೆ ಹಾಕ್ಬೇಡಿ, ಹೊರಗಿನೋರ್ನ ಸೇರಿಸ್ಬೇಡಿ" ಎಂದಳು. ಹುಳುವಿಗಾಗಿ ಅವೆರಡೂ ಮೊದಲೇ ನಡೆಯುತ್ತಿದ್ದವು. ಮನೆಯ ಕ್ರಮದಲ್ಲಿ ಏನೂ ಬದಲಾಗಲಿಲ್ಲ. ಊರಿನ ಎಲ್ಲ ಮಕ್ಕಳಿಗೂ ಬಂದು ಹೋಗುವ ಕಾಯಿಲೆ, ಇವಳಿಗೂ ಹೋಗುತ್ತದೆ ಎಂದೇ ಎಲ್ಲರೂ ತಿಳಿದರು.

ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಅವಳ ಮೈ ತಣ್ಣಗಾಯಿತು. ಕೆನ್ನೆಯ ಮೇಲಿನ ಚರ್ಮ ಸಣ್ಣ ತೌಡಿನ ಹಾಗೆ ಉದುರುತ್ತಿತ್ತು.

"ಅಕ್ಕ, ನೋಡೇ ಇಲ್ಲಿ. ಪೊರೆ ಬಿಡ್ತಾ ಇದೀನಿ."

ಹೇಳುತ್ತಾ ಕಿವಿಯ ಮೇಲೆ ಅಂಗೈಯಿಂದ ತಟ್ಟಿಕೊಂಡಳು, ಬಾವಿಯಲ್ಲಿ ಈಜಿ ಬಂದವರು ನೀರು ತೆಗೆಯುವ ಹಾಗೆ. ಆಟ ಎಂದುಕೊಂಡೆ.

ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ನೋಡಿದವರೇ ಬಲ್ಲರು. ಬುಟ್ಟಿಗಟ್ಟಲೆ ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಕಡ್ಡಿ ಉಳಿದಿರುತ್ತಿತ್ತು. ಆ ತಿನ್ನುವ ಸದ್ದು ಇಡೀ ಮನೆಯನ್ನು ತುಂಬುತ್ತಿತ್ತು. ಹೊಸದಾಗಿ ಬಂದಿದ್ದ ಅಂಚೆಯವನು ಒಮ್ಮೆ ನಮ್ಮ ಬಾಗಿಲಲ್ಲಿ ನಿಂತು, ಮಳೆ ಬಂತೇ ಎಂದು ಆಕಾಶ ನೋಡಿದ್ದ. ನಾವು ಆ ಸದ್ದಿನಲ್ಲಿಯೇ ಉಂಡು, ಜಗಳವಾಡಿ, ನಿದ್ದೆ ಮಾಡಿ ಬೆಳೆದವರು. ಅದು ಏರಿದರೆ ಅಪ್ಪನ ಮುಖ ತಿಳಿಯಾಗುತ್ತಿತ್ತು.

ಸದ್ದು ಹಾಗೆ ಏರಿದ್ದ ಬೆಳಿಗ್ಗೆ ಮಂಜಿ ನಡುಮನೆಯ ಹೊಸ್ತಿಲಿಗೆ ಬಂದಳು. ನಾನೊಬ್ಬಳೇ ಒಳಗಿದ್ದೆ, ಕೈಯಲ್ಲಿ ಸೊಪ್ಪು.

"ಅಕ್ಕ, ಹುಳ ಇನ್ನೂ ಎದ್ದಿಲ್ವಾ?"

"ಯಾಕೇ?"

ಅವಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ಅಂದಳು, "ಸದ್ದೇ ಇಲ್ಲ."

ಹನ್ನೊಂದು ವರ್ಷ ಅರ್ಥವಾಗದ ವಯಸ್ಸೇನಲ್ಲ. ನನಗೆ ನಿಂತಲ್ಲೇ ಗೊತ್ತಾಯಿತು. ಹೇಳಿದರೆ ಯಾವಾಗಿನಿಂದ ಎಂದು ಕೇಳುತ್ತಾರೆ. ಕೇಳಿದರೆ ಅವಳು ಎಲ್ಲವನ್ನೂ ಹೇಳುತ್ತಾಳೆ, ಅಕ್ಕ ಮಾತಾಡಬೇಡ ಅಂದದ್ದನ್ನೂ. ಎರಡು ದಿನದಲ್ಲಿ ತಾನಾಗಿ ಸರಿಹೋಗಬಹುದು ಎಂಬ ಆಸೆಯೂ ಇತ್ತು. ನಾನು ಇಲ್ಲವೆಂದು ತಲೆ ಆಡಿಸಿದೆ. ಅಂಗೈಯನ್ನು ಕೆನ್ನೆಗೆ ಇಟ್ಟು ತೋರಿಸಿದೆ: ಇನ್ನೂ ಮಲಗಿವೆ.

ಅವಳು ಕ್ಷಣ ನಿಂತು ತಟ್ಟೆಗಳನ್ನು ನೋಡಿದಳು. ಹೂಂ ಎಂದು ತಲೆಯಾಡಿಸಿ, ಹುಳುಗಳಿಗೆ ಎಚ್ಚರವಾಗದಿರಲೆಂದು ತುದಿಗಾಲಿನಲ್ಲಿ ಹಿಂದಕ್ಕೆ ಹೋದಳು.

ನಾಲ್ಕು ದಿನ ಹೀಗೇ ನಡೆಯಿತು. ಅವಳು ಹೊಸ್ತಿಲಿಗೆ ಬಂದು ಹುಬ್ಬೇರಿಸುವುದು, ನಾನು ಅಂಗೈಯನ್ನು ಕೆನ್ನೆಗಿಡುವುದು. ಕೆಲಸದ ಒತ್ತಿನಲ್ಲಿ ದೊಡ್ಡವರಿಗೆ ಅವಳೊಡನೆ ನಿಂತು ಮಾತಾಡಲು ಬಿಡುವಿರಲಿಲ್ಲ. "ಕರೆದ್ರೆ ತಿರುಗೂ ನೋಡಲ್ಲ. ಕಾಯಿಲೆಯಿಂದ ಎದ್ದ ಮೇಲೆ ಬಲು ಜಂಬ ಬಂದೈತೆ ಇವಳ್ಗೆ" ಎಂದು ಅಜ್ಜಿ ದೂರುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಅಪ್ಪ ಖಾಲಿ ತಟ್ಟೆಗಳ ರಾಶಿಯನ್ನು ಎತ್ತುವಾಗ ಅದು ಕೈಜಾರಿ ಜಗಲಿಯ ಕಲ್ಲಿನ ಮೇಲೆ ಬಿತ್ತು. ಕೊಟ್ಟಿಗೆಯ ದನವೂ ಬೆಚ್ಚಿತು. ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ಕೂತಿದ್ದ ಮಂಜಿ ಅಳಿಗುಳಿಮಣೆಯ ಗುಳಿಗೆ ಹುಣಸೆಬೀಜ ಹಾಕುತ್ತಲೇ ಇದ್ದಳು.

ಅಮ್ಮ ಅವಳ ಹಿಂದೆ ಹೋಗಿ ನಿಂತಳು. "ಮಂಜಿ" ಎಂದಳು. ಸ್ವಲ್ಪ ಬಗ್ಗಿ ಮತ್ತೆ, "ಮಂಜಮ್ಮ." ಬೀಜ ಗುಳಿಗೆ ಬೀಳುವ ಟಕ್ ಟಕ್ ಸದ್ದು ಮಾತ್ರ.

ಆ ದಿನ ಹನ್ನೊಂದರ ಸೊಪ್ಪಿಗೆ ಅಪ್ಪ ಇರಲಿಲ್ಲ. ನಾನು ಕಂಡಂತೆ ಅದೊಂದೇ ಸಲ. ಇಬ್ಬರೂ ಮಂಜಿಯನ್ನು ಎತ್ತಿಕೊಂಡು ಬಸ್ಸಿಗೆ ಓಡಿದರು. ಅಜ್ಜಿ ಸೊಪ್ಪು ಬಿಡಿಸಿ ಕೊಟ್ಟಳು, ನಾನು ಹಾಕಿದೆ. ಒಂದು ತಟ್ಟೆಯನ್ನೂ ಬಿಡದೆ, ಒಂದು ಎಲೆಯ ಮೇಲೊಂದು ಬೀಳದಂತೆ, ಸರಿಯಾಗಿ ಹನ್ನೊಂದಕ್ಕೆ. ಅಷ್ಟು ಅಚ್ಚುಕಟ್ಟಾಗಿ ನಾನೆಂದೂ ಹಾಕಿರಲಿಲ್ಲ.

ಸಂಜೆ ಅವರು ಚಿಕ್ಕಬಳ್ಳಾಪುರದಿಂದ ಬಂದರು. ದಡಾರ ಕಿವಿಯೊಳಕ್ಕೆ ಇಳಿದಿದೆ, ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲೂ ಹೆಚ್ಚೇನಿಲ್ಲ, ಶುರುವಿನಲ್ಲೇ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದ್ದರು.

"ಯಾವಾಗಿಂದಂತೆ?" ಅಜ್ಜಿ ಕೇಳಿದಳು.

"ಯಾರಿಗೆ ಗೊತ್ತಮ್ಮ" ಎಂದ ಅಪ್ಪ.

ನನಗೆ ಗೊತ್ತಿತ್ತು. ಯಾವ ದಿನ, ಯಾವ ಹೊತ್ತಿನ ಸೊಪ್ಪು ಎಂಬುದೂ ಗೊತ್ತಿತ್ತು. ನಾನು ಗೋಣಿತಾಟು ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರಿದವು. ಬಿದಿರಿನ ಆ ಸುರುಳಿಗಳ ತುಂಬ ಗಟ್ಟಿಯಾದ ಹಳದಿ ಗೂಡು. ಗೂಡು ಬಿಡಿಸಿದ ದಿನ ಅಮ್ಮ ಹುರುಳಿಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಬೆಳ್ಳುಳ್ಳಿಯ ಘಮಕ್ಕೆ ಮಂಜಿ ಅಡಿಗೆಮನೆಗೆ ಓಡಿಬಂದಳು. ಒಗ್ಗರಣೆ ಎಂದರೆ ಬೆಳೆ ಮುಗಿಯಿತು ಎಂದು ಅವಳಿಗೂ ಗೊತ್ತು. ನನ್ನ ಕಡೆ ತಿರುಗಿ ಕೇಳಿದಳು, "ಹಂಗಾರೆ ಹುಳ ಯಾವಾಗ ಎದ್ವಕ್ಕ?"

ನಾನು ಸಾರಿನ ಪಾತ್ರೆ ಎತ್ತಿಕೊಂಡು ಹೊರಗೆ ಹೋದೆ.

ಅಪ್ಪ ಮರುಬೆಳೆಯಿಂದ ತನ್ನ ಕಟ್ಟಳೆ ಸಡಿಲಿಸಿದ. ಹಿಮ್ಮಡಿ ನೆಲದಲ್ಲಿದೆಯೇ ಎಂದು ನೋಡದೆ ಮಂಜಿಗೆ ಸೊಪ್ಪು ಕೊಟ್ಟ. ಅವಳು ಅದನ್ನು ಹುಳುವಿನಿಂದಲೇ ಕಲಿತವಳ ಹಾಗೆ ಹಾಕಿದಳು. ಅಂಗೈಯನ್ನು ತಟ್ಟೆಯ ಅಡಿಗೆ ಹಿಡಿದು ಅದರ ಅದುರನ್ನು ನೋಡಿ, "ಎದ್ದವೆ" ಎಂದೋ "ಇನ್ನೂ ಇಲ್ಲ" ಎಂದೋ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಆರು ವರ್ಷದ ತನಕ ಕಲಿತ ಮಾತು ಉಳಿದುಕೊಂಡಿತು, ದನಿ ಮಾತ್ರ ಒಂದೇ ಮಟ್ಟದ್ದಾಯಿತು. ಎದುರಿನವರ ತುಟಿ ನೋಡಿ ಮಾತಾಡುತ್ತಾಳೆ. ಮದುವೆಯಾಗಿ ನಾಲ್ಕು ಮೈಲಿ ಆಚೆ ಹೋದಳು, ಅಲ್ಲಿಯೂ ಹುಳುವಿನ ಮನೆಯೇ.

ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ಯಾರ ಮೈಯಿಂದಲೂ ಯಾವ ಕಸುಬಿನ ವಾಸನೆಯೂ ಬರಲಿಲ್ಲ. ದಾರಿಯುದ್ದಕ್ಕೂ ದ್ರಾಕ್ಷಿಯ ಚಪ್ಪರ, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು, ಜಲ್ಲಿಯ ಲಾರಿಗಳು. ನಾನು ಹುಡುಗಿಯಾಗಿದ್ದಾಗ ನೋಡುತ್ತಿದ್ದ ಒಂದು ಗುಡ್ಡ ಅರ್ಧವೇ ಉಳಿದಿದೆ. ಹುಳುವಿಗೆ ಈಗ ಮನೆಯಿಂದ ದೂರ ಬೇರೆ ಶೆಡ್ಡು. ಎರಡು ಜ್ವರ ಕಳೆದ ಮರಿಹುಳುಗಳನ್ನೇ ಹೊರಗಿನಿಂದ ತರುತ್ತಾರೆ. ಎಲೆ ಬಿಡಿಸುವುದಿಲ್ಲ, ಕೊಂಬೆ ಕೊಂಬೆಯೇ ಹಾಸುತ್ತಾರೆ. ತಟ್ಟೆಗಳಿಲ್ಲ. ಸೊಂಟದೆತ್ತರದಲ್ಲಿ ಹುಳುವಿನ ಹಾಸಿಗೆ; ಮಂಜಿಯ ಮೊಮ್ಮಗಳು, ಐದು ವರ್ಷದ ಹುಡುಗಿ, ಸಲೀಸಾಗಿ ಕೊಂಬೆ ಇಡುತ್ತಿದ್ದಳು. ಮನೆಯಲ್ಲಿ ಯಾವಾಗ ಬೇಕಾದರೂ ಒಗ್ಗರಣೆ. ಇದೆಲ್ಲ ಒಳ್ಳೆಯದಕ್ಕೇ, ನನಗೆ ತಕರಾರಿಲ್ಲ. ಮಕ್ಕಳಿಗೆ ಮೈ ಬೆಚ್ಚಗಾದರೆ ಆ ಗಳಿಗೆಯೇ ಆಸ್ಪತ್ರೆ. ಆದರೆ ಮನುಷ್ಯರೂ ಹುಳುವೂ ಒಂದೇ ಸೂರಿನಡಿ, ಒಂದೇ ಸದ್ದಿನಲ್ಲಿ ಮಲಗುತ್ತಿದ್ದ ಮನೆ ಈಗ ನಮ್ಮ ಹೋಬಳಿಯಲ್ಲಿ ಎಲ್ಲೂ ಕಾಣಲಿಲ್ಲ. ಆ ಸದ್ದು ಊರಿನಿಂದ ಹೋದದ್ದು ಈಚೆಗೆ. ಮಂಜಿಗೆ ಅದು ಅರವತ್ತು ವರ್ಷ ಮೊದಲೇ ಹೋಗಿತ್ತು.

ಶೆಡ್ಡಿನಲ್ಲಿ ನಾವಿಬ್ಬರೇ ಆದಾಗ ಅವಳು ಕೊಂಬೆಗಳ ಮೇಲೆ ಅಂಗೈ ಇಟ್ಟಳು. "ನಾಲ್ಕನೇದು ಎದ್ದವೆ" ಎಂದಳು. ಆಮೇಲೆ ನನ್ನ ಬಾಯಿ ನೋಡುತ್ತಾ, "ಸದ್ದು ಬರ್ತಾ ಐತಾ ಅಕ್ಕ?"

"ಬರ್ತಾ ಐತೆ." ಅವಳಿಗೆ ತುಟಿ ಸರಿಯಾಗಿ ಕಾಣುವಂತೆ ನಿಧಾನವಾಗಿ ಹೇಳಿದೆ. "ಆವತ್ತೂ ಬರ್ತಾ ಇತ್ತು ಮಂಜಿ."

ಅವಳು ಅಂಗೈ ತೆಗೆಯಲಿಲ್ಲ.

"ಗೊತ್ತು ಕಣಕ್ಕ. ಕೆಳಗಿನ ತಟ್ಟೆ ನಂಗೂ ಕಾಣ್ತಿತ್ತಲ್ಲ. ಸೊಪ್ಪು ಅಲ್ಲಾಡ್ತಿತ್ತು. ನೀನು ಮಲಗವೆ ಅಂದೆ, ನಾನು ಹೂಂ ಅಂದೆ."